ಝಗ್ರೂತಾ ಕೇಳದ ಕಿವಿ

ಸೆಪ್ಟೆಂಬರ್ ೨, ಬೆಳಿಗ್ಗೆ

ನಾನು ಬಹೀಜಾ. ಸ್ಫಾಕ್ಸ್‌ನ ಈ ಬೀದಿಯ ಮದುವೆಗಳಲ್ಲಿ ಮೊದಲ ಝಗ್ರೂತಾ ನನ್ನದು. ನನ್ನ ನಾಲಿಗೆ ಕುಣಿದು ಆ ಕೇಕೆ ಎದ್ದ ಮೇಲೆಯೇ ಉಳಿದ ಹೆಂಗಸರು ಬಾಯಿ ತೆರೆಯುವುದು. ಅತ್ತೆ ಹೋದ ಮೇಲೆ ಹೀಗೇ.

ಕಾಫಿ ಆಯಿತು. ಶ್ರವಣಯಂತ್ರದ ಚಿಪ್ ನನ್ನ ಮಂದ ಕಿವಿಗೆ ಸಿಕ್ಕಿಸಿಕೊಂಡೆ. ಮೊಮ್ಮಗಳು ಶೀರಾಜ್ ಲ್ಯಾಬಿನಲ್ಲಿ ಮಾಡಿದ್ದು. ಮಿದುಳಿನ ನರಗಳ ಹಾಗೆಯೇ ಅಂತೆ — ಬೇಕಾದ ಸದ್ದಿಗೆ ಮಿಡಿಯುತ್ತದೆ, ಬೇಡದ್ದಕ್ಕೆ ಸುಮ್ಮನಿರುತ್ತದೆ. ಸದ್ದು ಕೇಳಿ ಕೇಳಿ, ಯಾವುದು ಬೇಕೆಂದು ಕಲಿಯುತ್ತದೆ. ಫ್ರಿಜ್ಜಿನ ಗುರ್ರ್ ಇಲ್ಲ. ಗೋಡೆಯಾಚೆ ಪಕ್ಕದ ಮನೆಯ ಸಾಲ್ಹಾ ನನ್ನನ್ನು ಬೈಯುವುದು ಸ್ಪಷ್ಟ.

ಒಳ್ಳೆಯ ಚಿಪ್.

ಸೆಪ್ಟೆಂಬರ್ ೬

ನಮ್ಮ ಬೀದಿಯ ಎಮ್ನಾಳ ಮದುವೆ. ಮದುಮಗಳು ಹೊಸ್ತಿಲಿಗೆ ಬಂದಳು. ಶುರು ಮಾಡಿದೆ... ಕೇಳಿಸಲಿಲ್ಲ. ದನಿಯೇ ಸತ್ತಿತೆಂದು ಅರ್ಧಕ್ಕೆ ನಿಲ್ಲಿಸಿದೆ. ಸುತ್ತ ಎಲ್ಲರ ಬಾಯಿ ತೆರೆದಿತ್ತು, ಸದ್ದಿಲ್ಲ. ಮೀನಂಗಡಿಯಲ್ಲಿ ಬಾಯಿ ತೆರೆದು ಬಿದ್ದ ಮೀನುಗಳ ಹಾಗೆ.

"ಏನೇ ಬಹೀಜಾ, ನಾಲಿಗೆ ಬಾಡಿಗೆಗೆ ಕೊಟ್ಟಿದ್ದೀಯಾ?" ಸಾಲ್ಹಾ. ಅದು ಮಾತ್ರ ಕೇಳಿತು.

ಸೆಪ್ಟೆಂಬರ್ ೯

ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ನಾಜಿ ಮನೆಗೆ ಬಂದ. ಖರ್ಜೂರದ ಸಿಹಿ ಮಕ್ರೂದ್ ತಿನ್ನುತ್ತ, ಹಿರಿಯಳೆಂದು ಲಲ್ಲಾ ಎಂದು ಕರೆಯುತ್ತ ವಿವರಿಸಿದ.

"ದೋಷ ಅಲ್ಲ ಲಲ್ಲಾ. ಚಿಪ್ಪಿಗೆ ಝಗ್ರೂತಾ ಸೈರನ್ ಥರ. ಗದ್ದಲ ಅಂತ ಕಲಿತಿದೆ."

"ಯಾರ ಮದುವೇಲಿ ಕಲೀತು?"

ಶೀರಾಜ್ ತಲೆ ತಗ್ಗಿಸಿದಳು. "ಕಲಿಸಿದ್ದೆಲ್ಲ ಹೊರದೇಶದ ದನಿಗಳು ಅಜ್ಜಿ. ನಮ್ಮೋರದ್ದು ಒಂದೂ ಇರ್ಲಿಲ್ಲ."

"ಹಾಗಾದ್ರೆ ಕಲಿಸು."

"ಸೋಮವಾರ ಈ ಚಿಪ್ಪಿನ ನಕ್ಷೆ ಕಾರ್ಖಾನೆಗೆ ಹೋಗುತ್ತೆ," ಎಂದ ನಾಜಿ. "ಆಮೇಲೆ ಎಲ್ಲ ಚಿಪ್ಪಿಗೂ ಇದು ಕಲಿತಿದ್ದೇ ಅಚ್ಚು. ಮದುವೆ ದಿನ ತೆಗೆದಿಟ್ಬಿಡಿ, ಅಷ್ಟೇ."

ಅಂದರೆ ಕಿವಿ ಮಂದವಾದವರು ಮದುವೆಮನೆಯಲ್ಲಿ ಕಿವುಡರಾಗಿಯೇ ಕೂರಬೇಕು. ಮಕ್ರೂದ್ ತಟ್ಟೆ ಎತ್ತಿಬಿಟ್ಟೆ. ಅವನ ಕೈ ಗಾಳಿಯಲ್ಲೇ ಉಳಿಯಿತು.

ಶೀರಾಜ್ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. "ಅವರು ನನ್ನ ಮೇಲಧಿಕಾರಿ ಅಜ್ಜಿ..."

"ನಾನು ಅವನಿಗೂ ಮೇಲೆ. ಎಷ್ಟು ದನಿ ಬೇಕು, ಹೇಳು."

ಸೆಪ್ಟೆಂಬರ್ ೧೩, ಭಾನುವಾರ. ಲ್ಯಾಬ್

ಬೀದಿಯ ಹೆಂಗಸರನ್ನೆಲ್ಲ ಕರೆತಂದೆ. ಸಾಲ್ಹಾಳನ್ನೂ. ಶೀರಾಜ್ ಬಾಗಿಲು ತೆರೆದಳು. ಒಳಗಿನಿಂದ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿದೆ.

ನಾಜಿ ಓಡಿಬಂದು ಬಾಗಿಲು ಬಡಿದ. "ಲಲ್ಲಾ, ಇದು ಪ್ರಯೋಗಾಲಯ!"

"ಮದುವೆಮನೆ ಅಂದ್ಕೊ! ಚಿಪ್ ಕಲೀಲಿ, ಆಮೇಲೆ ಬಾಗಿಲು."

ಶೀರಾಜ್ ನಗುತ್ತಿದ್ದಾಳೆ, ಕೈ ಮಾತ್ರ ಕೆಲಸ ನಿಲ್ಲಿಸುತ್ತಿಲ್ಲ. ಝಗ್ರೂತಾದ ಪ್ರತಿ ಸುತ್ತನ್ನೂ ಚಿಪ್ಪಿಗೆ ಕೇಳಿಸಿ, ಅದನ್ನು ನನ್ನ ಕಿವಿಗೆ ಹಾಕುತ್ತಾಳೆ. ಮೊದಲ ಸುತ್ತು — ಮೀನಂಗಡಿ. ಆಮೇಲೂ ಅದೇ. ಈಗಷ್ಟೇ... ಎಲ್ಲೋ ದೂರದಲ್ಲಿ ಸಣ್ಣ ಕೀರಲು.

ಸಾಲ್ಹಾ ಹಲ್ಲಿನ ಸೆಟ್ ಸರಿಮಾಡಿಕೊಂಡಳು. "ಎದ್ದೇಳೇ. ನೀನು ಶುರು ಮಾಡದೆ ನಮಗೆ ದನಿ ಹೊರಡಲ್ಲ."

ಶೀರಾಜ್ ಬೆರಳೆತ್ತಿದ್ದಾಳೆ. ಪೆನ್ನು ಇಡಬೇಕು. ಮೊದಲು ನಾ—