ಸಮುದ್ರಕ್ಕೆ ಬೆನ್ನು ಮಾಡಿ ಕುಳಿತ ಮಂಗಳವ್ವನ ಪರವಾಗಿ

ದ್ವೀಪದ ದಂಡೆ, ಬಂಡೆ ಮತ್ತು ಫಲಕಗಳ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಬರೆಯದೇ ಬಿಡಬೇಕು ಅಂದುಕೊಂಡಿದ್ದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಬಂಡೆಯನ್ನು ನಾನು ಹತ್ತಿದೆ, ಮತ್ತು ಅಲ್ಲಿಂದ ಕಾಣುವ ಸಮುದ್ರ ಬಹಳ ಚೆಂದ ಇತ್ತು. ದೂರು ಕೊಡುವವರು ಹೀಗೆ ಶುರು ಮಾಡಬಾರದು ಎಂಬುದು ನನಗೆ ಗೊತ್ತು. "ನಮ್ಮನ್ನು ತಡೆದರು" ಎಂದಷ್ಟೇ ಬರೆದಿದ್ದರೆ ಪತ್ರಕ್ಕೆ ತೂಕ ಬರುತ್ತಿತ್ತು. ಆದರೆ ಚೆಂದವಿಲ್ಲದ ಜಾಗವನ್ನು ನೋಡಲಾಗಲಿಲ್ಲವೆಂದು ಯಾರಾದರೂ ಅಧಿಕಾರಿಗಳಿಗೆ ಪತ್ರ ಬರೆಯುತ್ತಾರೆಯೇ? ಬ್ಯಾಡಗಿಯಿಂದ ಬಂದ ಐವರು ಹೆಂಗಸರಲ್ಲಿ ನಾಲ್ವರು ಆ ನೋಟ ನೋಡಿದೆವು. ಯಾರ ಆಸೆಗಾಗಿ ಅಷ್ಟು ದೂರ ಬಂದಿದ್ದೆವೋ ಆ ಮಂಗಳವ್ವ ಮಾತ್ರ ನೋಡಲಿಲ್ಲ. ಕಾರಣ, ಬಂಡೆಯ ಬುಡದಲ್ಲಿ ನೀವು ನಿಲ್ಲಿಸಿರುವ ಫಲಕ: "ಸುರಕ್ಷತೆಯ ದೃಷ್ಟಿಯಿಂದ, ಪುರುಷರ ಜೊತೆಯಿಲ್ಲದ ಮಹಿಳೆಯರಿಗೆ ಮೇಲೆ ಪ್ರವೇಶವಿಲ್ಲ."

ದ್ವೀಪದ ಹೆಸರನ್ನು ಬರೆಯುತ್ತಿಲ್ಲ. ನಿಮ್ಮ ಫಲಕದ ಗುರುತು ನಿಮಗೆ ಹತ್ತುತ್ತದೆ ಎಂದು ನಂಬಿದ್ದೇನೆ.

ನಾನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ನಮ್ಮ ಕಾಯಿಯ ಬಣ್ಣವನ್ನು ದೂರದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಬಣ್ಣಿಸುವುದು ನನ್ನ ಕೆಲಸ. ಮಂಗಳವ್ವ, ಗದಿಗೆವ್ವ ಮತ್ತು ಇನ್ನಿಬ್ಬರು ಅದೇ ಅಂಗಡಿಯ ಹಿಂದಿನ ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಹೊಸ ಕಾಯಿ ಬರಲು ಶುರುವಾಯಿತೆಂದರೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅದಕ್ಕೇ ನವೆಂಬರಿನಲ್ಲೇ ಹೊರಟೆವು.

ಮಂಗಳವ್ವನಿಗೆ ಅರವತ್ತು ದಾಟಿದೆ. ಅಗಡಿ ತವರು, ಬ್ಯಾಡಗಿ ಗಂಡನ ಮನೆ. ಊರು ಬಿಟ್ಟು ಹೋಗಿಲ್ಲವೆಂದೇನಲ್ಲ, ಮದುವೆಗೆ, ಆಸ್ಪತ್ರೆಗೆ, ಮಣ್ಣಿಗೆ ಹೋಗಿದ್ದಾರೆ. ಪ್ರತಿ ಸಲವೂ ಅಪ್ಪನ ಹಿಂದೆ, ಗಂಡನ ಹಿಂದೆ, ಮಗನ ಹಿಂದೆ. ಯಾರದೋ ಮೊಬೈಲಿನಲ್ಲಿ ನಿಮ್ಮ ಬಂಡೆಯ ಫೋಟೊ ನೋಡಿದ ದಿನದಿಂದ, ಅದರ ಮೇಲೆ ಒಮ್ಮೆ ತಾನಾಗಿ ನಿಂತು ನೋಡಬೇಕು ಎನ್ನುತ್ತಿದ್ದರು. ಮಗ ಯುವರಾಜ ಒಳ್ಳೆಯವನು, ಆದರೆ ಅಂಜುಬುರುಕ. ಗಂಡಸರಿಲ್ಲದೆ ಅಷ್ಟು ದೂರ ಹೇಗೆ ಹೋಗುತ್ತೀರಿ ಎಂದು ಮುಂದೂಡುತ್ತ ಬಂದವನು ಈ ವರ್ಷ ಕೊನೆಗೂ ಒಪ್ಪಿದ. ಸುಸೂತ್ರ ಹೋಗಿ ಬಂದರೆ ಇನ್ನು ಮುಂದೆ ಅಡ್ಡ ಬರುವುದಿಲ್ಲ ಎಂದೂ ಮಾತು ಕೊಟ್ಟ. ನಮಗೆಲ್ಲ ಅದು ಪ್ರವಾಸ, ಮಂಗಳವ್ವನಿಗೆ ಪರೀಕ್ಷೆ.

ಟೆಂಪೊ ಓಡಿಸಿದವರು ಮೋಟೆಬೆನ್ನೂರಿನ ಕಾಸೀಮಸಾಬರು. ಅವರನ್ನು ಯುವರಾಜ ಗಂಡಸರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಚಾಲಕನೆಂದರೆ ಸ್ಟೇರಿಂಗಿನ ಹಾಗೆ ಗಾಡಿಯ ಜೊತೆಗೇ ಬರುವ ವಸ್ತು ಅಂದುಕೊಂಡಿದ್ದನೋ ಏನೋ. ದೋಣಿ ಇಳಿದವರೇ ಕಾಸೀಮಸಾಬರು ದಂಡೆಯ ಮರದ ನೆರಳಿನಲ್ಲಿ ಬುತ್ತಿಯ ಚೀಲಗಳನ್ನು ಸುತ್ತ ಇಟ್ಟುಕೊಂಡು ಕುಳಿತುಬಿಟ್ಟರು. ನಾವು ಅಲೆಗಳಲ್ಲಿ ಮೊಣಕಾಲಿನವರೆಗೆ ಸೀರೆ ನೆನೆಸಿಕೊಂಡೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗದಿಗೆವ್ವ ಸಮುದ್ರದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಪಲ್ಯಕ್ಕೆ ಉಪ್ಪು ಹಾಕುವ ಖರ್ಚಿಲ್ಲ ಈ ಮಂದಿಗೆ ಎಂದರು. ಆಮೇಲೆ ಬಂಡೆಯ ಕಡೆ ನಡೆದೆವು.

ಕಾವಲುಗಾರ ಫಲಕಕ್ಕೆ ಬೆರಳು ತೋರಿಸಿದ. ನಾನು ಮುಂದೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿದೆ. ಯಾಕೆ ಇಂಗ್ಲಿಷು ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಆ ಫಲಕ ಇವರಿಗೆ, ನನಗಲ್ಲ ಎಂದು ಒಳಗೆಲ್ಲೋ ಅಂದುಕೊಂಡಿದ್ದೆನೇ? ಅವನು "ರೂಲ್ಸ್ ಮೇಡಂ" ಎಂದ. ಎರಡೇ ಮಾತಿನಲ್ಲಿ ನಾವು ಐವರೂ ಸಮಾನರಾದೆವು. ಅಷ್ಟರ ಮಟ್ಟಿಗೆ ನಿಮ್ಮ ಇಲಾಖೆಯನ್ನು ಅಭಿನಂದಿಸಬೇಕು.

ಗದಿಗೆವ್ವ ಬಿಡಲಿಲ್ಲ. "ಏ ತಮ್ಮಾ, ಸಮುದ್ರ ಗಂಡಸರ ಮಾರಿ ನೋಡಿ ಅಂಜತೈತೇನು?" ಎಂದು ಕೇಳಿದರು. ನೀನೂ ಗಂಡಸೇ ಇದ್ದೀಯಲ್ಲ, ನಮ್ಮ ಜೋಡಿ ನೀನೇ ಬಾ ಎಂದು ಕರೆದರು. ಅವನು ಕಾವಲಿನ ಜಾಗ ಬಿಟ್ಟು ಬರುವ ಹಾಗಿರಲಿಲ್ಲ. ಒಬ್ಬ ಗಂಡಸನ್ನು ತೋರಿಸಿದರೆ ಸಾಕು, ಬಿಡುತ್ತೇನೆ ಎಂದ, ಪಾಪ, ತಾನೇ ನಾಚಿಕೊಂಡು. ಹೀಗೆ ನಾವು ಮರದ ಕೆಳಗಿನಿಂದ ಕಾಸೀಮಸಾಬರನ್ನು ಎಬ್ಬಿಸಿ ತಂದೆವು.

"ಯವ್ವಾ, ನಾ ಮಾಳಿಗಿ ಹತ್ತಿದ್ರೂ ಗ್ವಾಡಿ ಹಿಡಕೊಂಡ ಕುಂದ್ರಾಂವ," ಎಂದರು ಅವರು. ನಾವು ಅದನ್ನು ಚೇಷ್ಟೆ ಎಂದುಕೊಂಡೆವು. ಬಯಲುಸೀಮೆಯ ಮಂದಿಗೆ ಎತ್ತರದ ಅಂಜಿಕೆ ಎಂದರೆ ಏನೆಂದು ಹೇಗೆ ತಿಳಿಯಬೇಕು?

ಅರ್ಧ ದಾರಿಯಲ್ಲಿ, ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕೆಳಗೆ ನೀರು ಕಾಣುವ ಜಾಗದಲ್ಲಿ, ಕಾಸೀಮಸಾಬರು ಕುಕ್ಕರಿಸಿದರು. ಮೇಲೂ ಹೋಗಲಾರರು, ಕೆಳಗೂ ಇಳಿಯಲಾರರು. ಹಣೆಯ ಬೆವರು ಗಡ್ಡಕ್ಕೆ ಇಳಿಯುತ್ತಿತ್ತು. ಮಾನ್ಯರೇ, ನಮ್ಮ ಸುರಕ್ಷತೆಗೆಂದು ಬಂದ ಗಂಡಸಿನ ಸುರಕ್ಷತೆಗೆ ಈಗ ನಾವು ನಿಲ್ಲಬೇಕಾಯಿತು. ಫಲಕದ ಮುಂದಿನ ಸಾಲು ಏನು ಹೇಳುತ್ತದೆ? ಪುರುಷನ ಜೊತೆಗೆ ಎಷ್ಟು ಮಹಿಳೆಯರಿರಬೇಕು?

ಮಂಗಳವ್ವ ಅವರ ಎದುರಿಗೆ, ಸಮುದ್ರದ ಕಡೆ ಬೆನ್ನು ಮಾಡಿ ಕುಳಿತರು. ಕೆಳಗಿನ ನೀರು ಅವರ ಕಣ್ಣಿಗೆ ಬೀಳದ ಹಾಗೆ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಮರೆ ಹಿಡಿದರು. "ನನ್ನ ಮಾರಿ ನೋಡು ಕಾಸೀಮಣ್ಣಾ," ಎಂದರು. "ಹಿಂದ ಏನೂ ಇಲ್ಲ."

ಅದನ್ನು ನೋಡಲೆಂದೇ ಅವರು ಇನ್ನೂರು ಕಿಲೋಮೀಟರಿಗೂ ಹೆಚ್ಚು ಬಂದಿದ್ದರು.

ನಾನು ಕೂರುತ್ತೇನೆ, ನೀವು ಹೋಗಿ ಎಂದೆ. ಫೋಟೊ ತೆಗೆಯುವವಳು ನೀನೇ, ಮೊದಲು ನೀವು ನೋಡಿ ಬರ್ರಿ, ಆಮೇಲೆ ನಾ ಹೋಗುತ್ತೇನೆ ಎಂದರು. ನಾನು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗೂ ನೋಡುವ ಆಸೆ ಇತ್ತು. ನಾವು ಮೇಲೆ ನಿಂತು ಬಾಯಿ ತೆರೆದು ನೋಡುತ್ತಿದ್ದಾಗ ಕೆಳಗೆ ಕೊನೆಯ ದೋಣಿಯ ಸೀಟಿ ಊದಿದರು. ಇಳಿದು ಬಂದಾಗ ಕಾಸೀಮಸಾಬರು ಸೆರಗಿನ ಆ ಬದಿಯಲ್ಲಿ ಟೆಂಪೊದ ಕ್ಲಚ್ಚಿನ ಕಥೆ ಹೇಳುತ್ತಿದ್ದರು, ಮಂಗಳವ್ವ ಹೂಂಗುಟ್ಟುತ್ತಿದ್ದರು. ಅವರ ಸರದಿಗೆ ಹೊತ್ತು ಉಳಿದಿರಲಿಲ್ಲ, ಅದೇ ಸೆರಗಿನ ಮರೆಯಲ್ಲಿ ಕಾಸೀಮಸಾಬರನ್ನು ಇಳಿಸಿಕೊಂಡು ಹೋಗಿ ದೋಣಿ ಹಿಡಿದೆವು.

ಮುಂದಿನ ವಾರ ಅವರ ಮನೆಗೆ ಚಹಾಕ್ಕೆ ಹೋಗಿದ್ದೆ. ಮೇಲಿಂದ ಹೇಗೆ ಕಂಡಿತು ಎಂದು ಸೊಸೆ ಕಾವ್ಯಾ ಕೇಳಿದಳು. "ತಾಟಿನ ಅಂಚಿನಂಗ ನೀರು ಬಾಗಿರತೈತಿ," ಎಂದರು ಮಂಗಳವ್ವ. ಅದು ಮರಳುವ ದೋಣಿಯಲ್ಲಿ ಗದಿಗೆವ್ವ ಆಡಿದ ಮಾತು. ನಾನು ಚಹಾದ ಕಪ್ಪಿನೊಳಗೆ ನೋಡಿದೆ. ಬಾಗಿಲವರೆಗೆ ಕಳಿಸಲು ಬಂದವರು ಮೆಲ್ಲಗೆ ಹೇಳಿದರು: "ಅಲ್ಲಿ ಗಂಡಸು ಬೇಕಂತ ಬರದದ್ದು ನನ್ನ ಮಗನ ಕಿವಿಗೆ ಬೀಳಬಾರದು, ಬೇನಜೀರ. ಬಿದ್ರ ಮತ್ತ ಇವನ ಹಿಂದನ ಹೋಗಬೇಕಾಗತೈತಿ."

ನೋಡಿದಿರಾ, ನಿಮ್ಮ ಫಲಕ ಎಷ್ಟು ದೂರದ ತನಕ ಕೆಲಸ ಮಾಡುತ್ತದೆ? ಸಮುದ್ರದ ಗಾಳಿಯೂ ಬ್ಯಾಡಗಿಯವರೆಗೆ ಬರುವುದಿಲ್ಲ.

ಅಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಯಾರೋ ಜಾರಿರಬಹುದು, ಯಾರೋ ದುಃಖದಲ್ಲಿ ಆ ಅಂಚಿಗೆ ಬಂದಿರಬಹುದು, ಅದನ್ನು ನೆನೆದು ಒಳ್ಳೆಯ ಮನಸ್ಸಿನವರೊಬ್ಬರು ಆ ಸಾಲು ಬರೆಸಿರಬಹುದು. ಹಾಗಿದ್ದರೆ ಅವರ ಕಳವಳವನ್ನು ಗೌರವಿಸುತ್ತೇನೆ. ಆದರೆ ಕಾಲು ಜಾರುವಾಗ ಬಂಡೆ ಯಾರ ಗಂಡ, ಯಾರ ಮಗ ಜೊತೆಗಿದ್ದಾನೆಂದು ನೋಡುತ್ತದೆಯೇ? ಆ ಅಂಚಿಗೆ ಒಂದು ಕಬ್ಬಿಣದ ಕಂಬಿ ಇಲ್ಲ. ಕಂಬಿ ಹಾಕಬೇಕಾದ ಜಾಗದಲ್ಲಿ ನೀವು ಕಾಸೀಮಸಾಬರನ್ನು ನಿಲ್ಲಿಸಿದ್ದೀರಿ, ಮತ್ತು ಅವರಿಗೆ ನಿಲ್ಲಲು ಬರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಆ ಸಾಲನ್ನು ಅಳಿಸಿ, ಅಂಚಿಗೆ ಕಂಬಿ ಹಾಕಿಸಿ. ಮಳೆಗಾಲಕ್ಕೆ ದೋಣಿ ನಿಲ್ಲುವ ಮೊದಲೇ ಆಗಬೇಕು. ಮೇ ತಿಂಗಳಲ್ಲಿ, ಅಂಗಡಿಯ ಕೆಲಸ ಇಳಿದ ಮೇಲೆ, ಮಂಗಳವ್ವ ಮತ್ತೆ ಬರುತ್ತಾರೆ. ಕಾಸೀಮಸಾಬರೂ ಬರುತ್ತಾರೆ, ಆದರೆ ಮರದ ಕೆಳಗಿನ ಅವರ ಜಾಗ ಅವರಿಗೇ ಇರಲಿ.

ಇದನ್ನು ಪತ್ರಿಕೆಗೂ ಕಳಿಸಿ ಎಲ್ಲರೂ ಓದುವಂತೆ ಬರೆಯಲು ಮಂಗಳವ್ವನ ಒಪ್ಪಿಗೆ ಬೇಕಿತ್ತು. ಅಂಗಳದಲ್ಲಿ ಕುಳಿತು ಪೂರ್ತಿ ಓದಿ ಹೇಳಿದೆ. ಮಗನನ್ನು ಅಂಜುಬುರುಕ ಎಂದದ್ದನ್ನು ತೆಗೆಯಲೇ ಎಂದೆ. ಇರಲಿ ಎಂದರು. ತೊಟ್ಟು ಬಿಡಿಸುವ ಕೈ ನಿಲ್ಲಿಸಿದರು. "ಅವ ಪೇಪರಿನಾಗ ಓದಿ ತಿಳಕೊಳ್ಳೂದು ಬ್ಯಾಡ. ಮೇಲ ಹತ್ತಿಲ್ಲ ಅನ್ನೂದು, ಮತ್ತ ಹೋಗಾಕಿ ಅನ್ನೂದು, ಎಲ್ಲಾ ನಾನ ಹೇಳ್ತೇನಿ," ಎಂದರು. "ಸೋಮವಾರ ಮಾರ್ಕೆಟ್, ಅವಗ ಪುರುಸೊತ್ತಿಲ್ಲ. ಮಂಗಳವಾರ ಹೇಳ್ತೇನಿ. ನೀ ಬುಧವಾರ ಹಾಕು."

ಇಂತಿ,
ಸಮುದ್ರವನ್ನು ತನ್ನ ಪಾಲಿಗಿಂತ ಹೆಚ್ಚು ನೋಡಿ ಬಂದ
ಬೇನಜೀರ, ಬ್ಯಾಡಗಿ

ಅಂಚೆಗೆ ಹಾಕುವ ದಿನ: ಬುಧವಾರ, 21 ಜನವರಿ 2026