ಹಿರಿಮಗನಿಗೆ ಒಂದು ಶಿಲಿಂಗ್

ಹ್ಯಾರಿಸನ್, ನ್ಯೂಜರ್ಸಿ
೮ ಅಕ್ಟೋಬರ್ ೨೦೦೦, ಭಾನುವಾರ

ಪ್ರೀತಿಯ ತಮ್ಮ ಜಯರಾಮುವಿಗೆ,

ಮಾದಪ್ಪ ನಿನ್ನನ್ನೂ ಮನೆಯವರನ್ನೂ ಕಾಯಲಿ. ಗ್ಯಾಸ್ಟ್ರಿಕ್ಕು ಕಡಿಮೆಯಾಯಿತೇ? ಜಾಮೀನಿನ ಮೇಲೆ ಬಂದರೂ ನೀನು ಸರಿಯಾಗಿ ಉಣ್ಣುತ್ತಿಲ್ಲ ಎಂದು ನಿನ್ನ ಹೆಂಡತಿ ಕೆಂಪಮ್ಮ ಫೋನಿನಲ್ಲಿ ಅತ್ತಳು. ಮಜ್ಜಿಗೆಯನ್ನಾದರೂ ಕುಡಿ. ಇಲ್ಲಿ ಮಗಳು ಲಾವಣ್ಯಾ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಎಣ್ಣೆ ಹಚ್ಚಿ ನೀರು ಹುಯ್ಯುವಾಗ ಕೂಸು ಬೀದಿಗೆಲ್ಲ ಕೇಳುವ ಹಾಗೆ ಚೀರುತ್ತದೆ. ಅಳಿಯಂದಿರು ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ.

ನಿನ್ನ ವಕೀಲರು ಕಳಿಸಿದ ಹೇಳಿಕೆ ಬಂತು. ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮಗ ಅಮರೇಶ್ವರನೇ ಮೊದಲು ಗುದ್ದಲಿ ಎತ್ತಿದ, ನೀನು ಪ್ರಾಣ ಉಳಿಸಿಕೊಳ್ಳಲು ಮಚ್ಚು ಬೀಸಿದೆ ಎಂದು ನಾನು ಸಹಿ ಹಾಕಬೇಕು, ಕೋರ್ಟಿನಲ್ಲೂ ಹಾಗೇ ಹೇಳಬೇಕು. ನಿಮ್ಮಿಬ್ಬರನ್ನು ಬಿಟ್ಟರೆ ಕಣ್ಣಾರೆ ಕಂಡವಳು ನಾನೊಬ್ಬಳೇ. ನಾನು ಹೇಳಿದರೆ ಉಳಿಯುತ್ತೀಯ, ಇಲ್ಲದಿದ್ದರೆ ಜೈಲು. ಅದನ್ನು ದೇವರ ಪಟದ ಮುಂದಿಟ್ಟು ಕೂತಿದ್ದೆ. ಅಷ್ಟರಲ್ಲಿ ಇಲ್ಲೊಂದು ನಡೆಯಿತು, ಕೇಳು.

ಮನೆಯ ಓನರ್ ಕ್ಯಾಥರೀನ್ ಅಜ್ಜಿ ಕೆಳಗಿನ ಮನೆಯಲ್ಲಿದ್ದಾರೆ. ಮೂಲ ಐರ್ಲೆಂಡ್ ದೇಶದವರು. ತಮ್ಮ ಹಿರೀಕರು ಅಲ್ಲಿ ದೊಡ್ಡ ಜಮೀನ್ದಾರರೆಂದು ಭಾರಿ ಹೆಮ್ಮೆ. ವಂಶಾವಳಿ ಕಟ್ಟಲು ಆ ಮನೆತನದ ಹಳೇ ಉಯಿಲುಗಳ ನಕಲು ತರಿಸುತ್ತಾರೆ. ಯಾರಿಗೆ ಎಷ್ಟು ಮಕ್ಕಳು, ಯಾರು ಯಾರ ಅಳಿಯ ಎಂಬುದೆಲ್ಲ ಅದರಲ್ಲೇ ಸಿಗುತ್ತದಂತೆ. ಅಜ್ಜಿಗೆ ಕಣ್ಣು ಮಂಜು. ಲಾವಣ್ಯಾ ಓದಿ ಹೇಳುತ್ತಾಳೆ, ನನಗೂ ಕನ್ನಡದಲ್ಲಿ ಬಿಡಿಸುತ್ತಾಳೆ. ನಾನು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೇಳುತ್ತೇನೆ.

ಮೊನ್ನೆ ಬಂದದ್ದು ಒಬ್ಬ ವಿಧವೆ ತಾಯಿಯ ಉಯಿಲು. ಕಿರಿಮಗನ ಹೆಂಡತಿಗೆ ಮನೆ, ಬೆಳ್ಳಿ, ಹಸುಗಳನ್ನು ಬರೆದು, ಹಿರಿಮಗನಿಗೆ ಒಂದು ಶಿಲಿಂಗ್ ಎಂದಿತ್ತು. ಶಿಲಿಂಗ್ ಅಂದರೆ ಅಲ್ಲಿಯ ಹಳೇ ಕಾಲದ ಒಂದು ಬಿಡಿ ನಾಣ್ಯವಂತೆ. ನಾವು ಎಲೆ ಅಡಿಕೆಯ ಮೇಲೆ ರೂಪಾಯಿ ಇಟ್ಟು ಕೊಡುವ ಹಾಗೆ ತಾಯಿ ಮಗನನ್ನು ಹರಸಿದ್ದಾಳೆ, ಪುಣ್ಯಾತ್ಗಿತ್ತಿ ಎಂದೆ. ಲಾವಣ್ಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಅಜ್ಜಿ ಕೆಮ್ಮು ಬರುವವರೆಗೂ ನಕ್ಕರು. "ಅಮ್ಮ, ಅದು ಆಶೀರ್ವಾದ ಅಲ್ಲ, ಆಸ್ತಿಯಿಂದ ಕಟ್ ಮಾಡೋದು. ಏನೂ ಬರೀದಿದ್ರೆ, ಮುದುಕಿ ಮರೆತುಬಿಟ್ಟಿದ್ದಾಳೆ ಅಂತ ಅವನು ಕೋರ್ಟಿಗೆ ಹೋಗ್ತಾನೆ. ಮರೆತಿಲ್ಲ ಕಣೋ, ನಿಂಗೆ ಇಷ್ಟೇ ಅಂತ ಒಂದು ಶಿಲಿಂಗ್," ಎಂದಳು ಮಗಳು.

ಯಾಕೆಂಬುದನ್ನೂ ಆ ತಾಯಿಯೇ ಬರೆಸಿದ್ದಳು. ಹುಲ್ಲುಗಾವಲಿನ ಜಗಳಕ್ಕೆ ಹಿರಿಯವನು, ಊಟಕ್ಕೆ ಕೂತಿದ್ದ ತಮ್ಮನ ತಲೆಗೆ ಬೆಂಕಿ ಕೆದಕುವ ಸಲಾಕೆಯಿಂದ ಹೊಡೆದ. ಬುರುಡೆ ಬಿರಿದು ರಕ್ತ ತಾಯಿಯ ಮಡಿಲಿಗೆ ಸಿಡಿಯಿತು. ಬಿದ್ದವನು ಒದ್ದಾಡುವುದು ನಿಲ್ಲುವವರೆಗೂ ಹೊಡೆದನಂತೆ. ಅದರ ಕೆಳಗೆ ಇನ್ನೊಂದು ಸಾಲು: ಕಿರಿಯವನು ಕುದುರೆಯಿಂದ ಬಿದ್ದು ಸತ್ತನೆಂದು ಬೈಬಲ್ ಮುಟ್ಟಿ ಸಾಕ್ಷಿ ಹೇಳಿದ ನನ್ನ ಮಗಳಿಗೂ ಒಂದು ಶಿಲಿಂಗ್.

ಅಜ್ಜಿಯ ನಗು ನಿಂತಿತು. ಅವರು ಆ ಮಗಳ ಸಂತತಿ. "ವಂಶಾವಳಿಯಲ್ಲಿ ಇವಳನ್ನೂ ಟೈಪ್ ಮಾಡ್ಬೇಕಾ, ಬಿಟ್ಟುಬಿಡ್ಲಾ?" ಎಂದು ಲಾವಣ್ಯಾ ಕೇಳಿದಳು. ಮಾಡು ಎಂದು ಅಜ್ಜಿ ಕೈಸನ್ನೆ ಮಾಡಿದರು.

ನಾನು ಕೂಸನ್ನು ಎತ್ತಿಕೊಂಡು ಮೇಲೆ ಬಂದೆ. ಅವ್ವ ಬದುಕಿದ್ದಿದ್ದರೆ ನನ್ನ ಹೆಸರಿಗೆ ಏನು ಬರೆಸುತ್ತಿದ್ದಳೋ ಎನ್ನುವುದು ಆವತ್ತಿನಿಂದ ತಲೆಯಲ್ಲೇ ಕೂತಿದೆ.

ಕೆಂಪಮ್ಮನ ಮೇಲೆ ರೇಗಬೇಡ. ಮಕ್ಕಳಿಗೆ ನನ್ನ ಮುತ್ತು. ಮಾದಪ್ಪ ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿನ್ನ ಅಕ್ಕ,
ಶಿವಗಂಗಮ್ಮ

ಮರೆತದ್ದು: ಅಳಿಯಂದಿರು ಪೋಸ್ಟಿಗೆ ಹಾಕಲು ಹೊರಟು ನಿಂತಿದ್ದಾರೆ. ಸಹಿ ಹಾಕಿಲ್ಲ. ಅಮರೇಶ್ವರನ ಕೈಯಲ್ಲಿ ಗುದ್ದಲಿ ಇರಲಿಲ್ಲ. ಮೊದಲ ಏಟಿಗೇ ಅವನು ಕೆಸರಲ್ಲಿ ಮಂಡಿಯೂರಿ ಅಣ್ಣಾ ಅಂತ ಕೈ ಮುಗಿದ. ಆ ಮುಗಿದ ಕೈಗೇ ನೀನು ಕೊಚ್ಚಿದೆ. ಅವನ ಬೆರಳುಗಳನ್ನು ಕೆಸರಿನಿಂದ ಆಯ್ದು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದವಳು ನಾನು. ಊರಿಗೆ ಬಂದು ಇದನ್ನೇ ಹೇಳುತ್ತೇನೆ. ಜೈಲಿನ ಬಾಗಿಲಿಗೆ ವಾರವಾರ ನಿನ್ನನ್ನು ನೋಡಲು ಬರುವವಳೂ ನಾನೇ.