ತಣ್ಣಗಿನ ತುಂಡು, ಬೆಚ್ಚಗಿನ ತುಂಡು

ಮಂಗಳವಾರ, ಮಧ್ಯಾಹ್ನ

ದೊಡ್ಡ ವಿಜ್ಞಾನಿಯಾಗಿ ಕೂತಿರುವ ಮೊಮ್ಮಗಳು ಚೂಟಿಗೆ,

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ಅಜ್ಜಿಯ ಆಶೀರ್ವಾದ. ಫೋನಿನಲ್ಲಿ ಬೈದರೆ "ಸಿಗ್ನಲ್ ಇಲ್ಲ" ಅಂತ ಕಟ್ ಮಾಡುತ್ತೀಯ. ಇವತ್ತೇ ನಿನ್ನ ಕೈ ಸೇರುವ ಈ ಕಾಗದಕ್ಕೆ ಆ ಸಬೂಬು ನಡೆಯುವುದಿಲ್ಲ. ಕೂತು ಓದು.

ನನ್ನ ಲಿವರ್‌ನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಗುರುವಾರ ಅದಕ್ಕೆ ಸೂಜಿ ಚುಚ್ಚಿ, ಮೈಕ್ರೋವೇವ್ ಶಾಖ ಕೊಟ್ಟು ಸುಡುತ್ತಾರೆ. ಪಕ್ಕದಲ್ಲೇ ದಪ್ಪ ರಕ್ತನಾಳವಿದೆ. ಹರಿಯುವ ರಕ್ತ ಆ ಮಗ್ಗುಲಿನ ಬಿಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಅಂಚು ಬೇಯದೆ ಉಳಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಅದಕ್ಕೇ ನೀನೂ ನಿನ್ನ ಮೇಷ್ಟ್ರೂ ಬಿಸಿ ಹೆಚ್ಚಿಸುವ ಮದ್ದು ಮಾಡಿದಿರಿ. ಮೊದಲು ಅದನ್ನು ಗಡ್ಡೆಗೆ ತುಂಬಿಸಿದರೆ ಕಡಿಮೆ ಹೊತ್ತಿನಲ್ಲೇ ಹೆಚ್ಚು ಜಾಗ ಬೇಯುತ್ತದಂತೆ. ಮದ್ದು ಪಡೆಯುವ ಹನ್ನೆರಡು ಜನರ ಪಟ್ಟಿಯಲ್ಲಿ ನಾನೇ ಮೊದಲನೆಯವಳು. ಮನೆಯವರೆಲ್ಲ ಇದಕ್ಕೆ ಬೀಗಿದ್ದೇ ಬೀಗಿದ್ದು.

ನನಗೆ ಧೈರ್ಯ ಬರಲಿ ಅಂತ ಶನಿವಾರ ನಿನ್ನ ಪ್ರಯೋಗಾಲಯ ತೋರಿಸಿದೆ. ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ಏನನ್ನೂ ಮುಟ್ಟಬೇಡ ಅಂದೆ. ನಾನು ಮುಟ್ಟಲಿಲ್ಲ, ನೋಡಿದೆ. ನೀನು ಐಸ್ ಡಬ್ಬದಿಂದ ಕುರಿಯ ಲಿವರ್‌ನ ತುಂಡುಗಳನ್ನು ತೆಗೆದೆ. ಕೆಲವಕ್ಕೆ ಮದ್ದು ಚುಚ್ಚಿ, ಅದು ಒಳಗೆ ಇಳಿಯಲಿ ಅಂತ ಅರ್ಧ ಗಂಟೆ ಮೇಜಿನ ಮೇಲಿಟ್ಟು, ಆಮೇಲೆ ಸುಟ್ಟೆ. ಮದ್ದಿಲ್ಲದವನ್ನು ಐಸಿನಿಂದ ತೆಗೆದವಳೇ ಸೀದಾ ಸುಡುವ ಸೂಜಿಗೆ ಕೊಟ್ಟೆ. ಆಮೇಲೆ ಎಲ್ಲವನ್ನೂ ಸೀಳಿ, ಬೆಂದು ಬೆಳ್ಳಗಾದ ಜಾಗಕ್ಕೆ ಸ್ಕೇಲ್ ಇಟ್ಟು ಅಳೆದೆ. ಮದ್ದಿನ ತುಂಡುಗಳಲ್ಲಿ ಬೆಂದ ಜಾಗ ದೊಡ್ಡದಿತ್ತು. ನಿನ್ನ ಮೇಷ್ಟ್ರು ಮದುವೆಮನೆ ಬೀಗರ ಹಾಗೆ ಹಲ್ಲು ಕಿರಿದರು.

ನಾನು ಕೇಳಿದ್ದು ಒಂದೇ ಮಾತು: ಇದು ಅರ್ಧ ಗಂಟೆ ಹೊರಗೆ ಕೂತು ಬೆಚ್ಚಗಾಗಿದೆ, ಅದು ಐಸಿನಲ್ಲಿ ಸೆಟೆದುಕೊಂಡಿದೆ, ಎರಡಕ್ಕೂ ಒಂದೇ ಉರಿ ಕೊಟ್ಟರೆ ಯಾವುದು ಮೊದಲು ಬೇಯುತ್ತದೆ? ಅದಕ್ಕೆ ನೀನು "ಅಜ್ಜಿ, ಇದು ಅಡುಗೆಮನೆ ಅಲ್ಲ, ಸುಮ್ನೆ ಕೂತ್ಕೋ" ಅಂದೆ. ಮೇಷ್ಟ್ರು "ಪಾಪ, ವಯಸ್ಸಾಗಿದೆ" ಅಂದರು. ಅಲ್ಲ ಕಣೇ, ಫ್ರಿಜ್‌ನಿಂದ ತೆಗೆದ ಹಾಲು ನಿಧಾನಕ್ಕೆ ಉಕ್ಕುತ್ತದೆ, ಹೊರಗಿಟ್ಟ ಹಾಲು ಬೇಗ ಉಕ್ಕುತ್ತದೆ. ಇಷ್ಟು ತಿಳಿಯದವರಿಗೆ ಬಿಳಿ ಕೋಟು ಯಾಕೆ? ಆ ಕೋಟಿನಲ್ಲಿ ಒಲೆ ಒರೆಸುವ ಬಟ್ಟೆಯಾದರೂ ನಾಲ್ಕು ಆಗುತ್ತಿತ್ತು.

ಅಷ್ಟರ ಮಟ್ಟಿಗೆ ನಿನ್ನನ್ನು ಬರೀ ಪೆದ್ದಿ ಅಂದುಕೊಂಡು ಕ್ಷಮಿಸಿದ್ದೆ. ನಿನ್ನೆ ಫೋನ್ ಮಾಡಿ "ಅಜ್ಜಿ, ನೋಟ್‌ಬುಕ್ ನೋಡ್ದೆ. ಮೊದಲಿಂದ್ಲೂ ಹಂಗೇ ಮಾಡಿದೀವಿ. ಆದ್ರೆ ಈಗ ಹೇಳಕ್ಕಾಗಲ್ಲ, ಪಟ್ಟಿ ಆಸ್ಪತ್ರೆಗೆ ಹೋಗಾಯ್ತು" ಅಂದೆಯಲ್ಲ, ಆಗ ನನ್ನ ಬಾಯಿ ಕಹಿಯಾಯಿತು. ಮದ್ದಿನಿಂದ ಅಪಾಯವಿಲ್ಲ ಅಂತ ಬೇರೆ ಸಮಾಧಾನ ಹೇಳಿದೆ. ಮಜ್ಜಿಗೆಯಿಂದಲೂ ಅಪಾಯವಿಲ್ಲ. ಹಾಗಂತ ಅದನ್ನು ಗಡ್ಡೆಗೆ ಚುಚ್ಚುತ್ತಾರೆಯೇ?

ಅಪಾಯ ಎಲ್ಲಿದೆ ಅಂತ ನಿನಗೆ ನಾನು ಹೇಳಿಕೊಡಬೇಕಾಯಿತು, ಅದೇ ನಾಚಿಕೆಗೇಡು. ನಿಮ್ಮ ಲೆಕ್ಕ ನಂಬಿ ಡಾಕ್ಟರು ಹತ್ತು ನಿಮಿಷ ಸುಡುವಲ್ಲಿ ಆರೇ ನಿಮಿಷ ಸುಡುತ್ತಾರೆ. ಮದ್ದಿಗೆ ಆ ಶಕ್ತಿ ಇಲ್ಲದಿದ್ದರೆ ಗಡ್ಡೆ ಅರೆಬೆಂದು ಒಳಗೇ ಉಳಿಯುತ್ತದೆ. ಪಟ್ಟಿಯ ಉಳಿದ ಹನ್ನೊಂದು ಜನ "ಗುಣ ಆಯ್ತು" ಅಂತ ಮನೆಗೆ ಹೋಗುತ್ತಾರೆ. ನೀನು ಮೇಷ್ಟ್ರ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುತ್ತೀಯ. ಮದ್ದು ನಿಜಕ್ಕೂ ಒಳ್ಳೆಯದೇ ಇರಬಹುದು, ನನಗೇನು ಗೊತ್ತು? ನಿನಗೂ ಗೊತ್ತಿಲ್ಲ. ಎರಡೂ ಬಗೆಯ ತುಂಡುಗಳನ್ನು ಒಂದೇ ಹೊತ್ತು ಹೊರಗಿಟ್ಟು ಮತ್ತೆ ಮಾಡಿ ನೋಡು. ಎರಡು ದಿನದ ಕೆಲಸ. ಮೇಷ್ಟ್ರ ಮುಖ ಸಣ್ಣದಾದರೆ ಆಗಲಿ, ಅದು ಬೇಕಿದ್ದಕ್ಕಿಂತ ದೊಡ್ಡದೇ ಇದೆ.

ನಿನ್ನ ಮೇಲೆ ಇನ್ನೂ ಪೂರ್ತಿ ಆಸೆ ಬಿಡದ,
ಅಜ್ಜಿ

ತಾ.ಕ.: ಇವತ್ತು ಬೆಳಿಗ್ಗೆ ಒಬ್ಬಳೇ ಆಸ್ಪತ್ರೆಗೆ ಹೋಗಿ, ನನಗೆ ಮದ್ದು ಬೇಡ, ಬರೀ ಸೂಜಿಯಲ್ಲಿ ಪೂರ್ತಿ ಹೊತ್ತು ಸುಡಿ ಅಂತ ಬರೆದುಕೊಟ್ಟೆ. ರಕ್ತನಾಳದ ಪಕ್ಕದ ಅಂಚು ಬೇಯದೆ ಉಳಿದರೂ ಉಳಿಯಬಹುದು ಅಂದರು, ಆಗಲಿ ಅಂದೆ. ಯಾಕೆ ಬೇಡ ಅಂತ ಕೇಳಿದ್ದಕ್ಕೆ ಹೊಸ ಮದ್ದು ಅಂದರೆ ಹೆದರಿಕೆ ಅಂದೆ. ಹಳ್ಳಿ ಮುದುಕಿ ಅಂತ ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನ ತುಂಡುಗಳ ವಿಷಯ ಎತ್ತಲಿಲ್ಲ. ಅದು ನಿನ್ನ ಬಾಯಿಂದಲೇ ಬರಲಿ. ಉಳಿದವರ ಸರದಿ ಶುಕ್ರವಾರದಿಂದ ಅಂತೆ. ಗುರುವಾರ ನನಗೆ ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಡುವ ಮುಂಚೆ ಮಾತಾಡಲು ಎಷ್ಟು ಹೊತ್ತು ಸಿಗುತ್ತದೆ ಅಂತ ನರ್ಸನ್ನು ಕೇಳಿದ್ದೇನೆ. ಎರಡು ನಿಮಿಷವಂತೆ. ಅಷ್ಟರೊಳಗೆ ನೀನು ಬಾಯಿ ಬಿಡದಿದ್ದರೆ, ನನಗೆ ಒಂದೇ ಸಾಕು.